ನುಡಿಯಲ್ಲಿ ಕಳಿಸಿ ಅಂದ್ರು

ಕಥೆಗಳ ಕಟ್ಟು ಮುಗಿದು ಮೂರು ತಿಂಗಳಾಯಿತು. ಇವತ್ತು ಪ್ರಕಾಶಕರಿಗೆ ಕಳಿಸೋಣ ಅಂತ ಕೂತೆ. ಬೆಳಗಿನಿಂದ ಒಂದು ವಾಕ್ಯವನ್ನೂ ತಿದ್ದಿಲ್ಲ, ಬರೀ ಫಾಂಟ್ ಜೊತೆ ಗುದ್ದಾಟ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದಕ್ಕೆಲ್ಲ ಕೈಪಿಡಿಗಳೇ ಇವೆ. ಟೈಮ್ಸ್ ನ್ಯೂ ರೋಮನ್, 12 ಪಾಯಿಂಟ್, ಡಬಲ್ ಸ್ಪೇಸ್, ಸುತ್ತ ಒಂದಿಂಚು ಮಾರ್ಜಿನ್, ಪ್ರತಿ ಪುಟದ ತಲೆಯಲ್ಲಿ ಹೆಸರು, ಪುಟಸಂಖ್ಯೆ. ಶಿಕಾಗೊ ಮ್ಯಾನ್ಯುಯಲ್ ಅನ್ನೋ ಬರವಣಿಗೆ-ಸಂಪಾದನೆಯ ಕೈಪಿಡಿ ಅಂತೂ 1906ರಿಂದ ಹೊಸ ಹೊಸ ಆವೃತ್ತಿಯಲ್ಲಿ ಬರುತ್ತಲೇ ಇದೆ. ನನಗೆ ಪ್ರಕಾಶಕರಿಂದ ಫೋನಿನಲ್ಲಿ ಸಿಕ್ಕಿದ್ದು ಒಂದೇ ಸಾಲು: "ನುಡಿಯಲ್ಲಿ ಕಳಿಸಿ ಸರ್, ಯೂನಿಕೋಡ್ ಆದ್ರೆ ನಮ್ಮ ಪೇಜ್‌ಮೇಕರ್‌ನಲ್ಲಿ ಕೂರಲ್ಲ."

ನುಡಿ ಅಂದ್ರೆ ತನ್ನದೇ ಫಾಂಟುಗಳಿರುವ ಕನ್ನಡ ಟೈಪಿಂಗ್ ತಂತ್ರಾಂಶ, ಪೇಜ್‌ಮೇಕರ್ ಅಂದ್ರೆ ಪುಟ ಜೋಡಿಸುವ ಹಳೇ ತಂತ್ರಾಂಶ. ನಾನು ಬರೆದದ್ದೆಲ್ಲ ಯೂನಿಕೋಡ್, ಅಂದ್ರೆ ಈಗ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ, ಅದರಲ್ಲಿ ಅರ್ಧ ಮೊಬೈಲಿನಲ್ಲೇ. ಸರಿ, ಕನ್ವರ್ಟರ್‌ಗೆ ಹಾಕಿದೆ. ಹಳೇ ನುಡಿ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರ ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ ಮೊದಲೇ ಬರುತ್ತದೆ, ಈ ಅದಲುಬದಲಿನಲ್ಲಿ ನನ್ನ 'ಸೂರ್ಯ'ನ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿ ಕೂತಿತ್ತು. ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದ ಒಂದು ಬಸ್ ಬೋರ್ಡು ಕನ್ನಡದ ಚೂರುಪಾರುಗಳಾಗಿ ಬಿದ್ದಿತ್ತು. ನೋಡಿ ನಗುವೂ ಬಂತು ಅನ್ನಿ.

ಕೊನೆಗೆ ಪಿಡಿಎಫ್ ಒಂದನ್ನೂ ಜೊತೆಗಿಟ್ಟೆ, ಡಿಟಿಪಿ ಮಾಡುವವರು ಅನುಮಾನ ಬಂದಾಗ ನೋಡಿಕೊಳ್ಳಲಿ ಅಂತ. ಎಲ್ಲರೂ ಹೀಗೇ ಮಾಡ್ತಾರೆ ಅಲ್ವಾ?

ಒಂದು ಲಾಭ ಆಯಿತು. ತಪ್ಪಿದ ಅಕ್ಷರ ಹುಡುಕುತ್ತಾ ನಿಧಾನ ಓದುವಾಗ ನಾಲ್ಕನೇ ಕಥೆಯನ್ನು ಸುಮ್ನೆ ಎಷ್ಟು ಎಳೆದಿದ್ದೇನೆ ಅಂತ ಗೊತ್ತಾಯಿತು. ಎರಡು ಪುಟ ಕಿತ್ತು ಹಾಕಿದೆ. ಈಗ ಮತ್ತೆ ಕನ್ವರ್ಟ್ ಮಾಡಬೇಕು.