ರಾಖಿ ಕವರಲ್ಲಿ ಹೋಗತ್ತೆ, ಹಾಲು ಹೋಗಲ್ವಲ್ಲ

ಎಲ್ರೂ ರಾಖಿ ಸ್ಟೇಟಸ್ ಹಾಕಿ ಆಯ್ತು, ನಂದೂ ಒಂದಿರ್ಲಿ. ನಾವು ಚಿಕ್ಕೋರಿದ್ದಾಗ ಶ್ರಾವಣದ ಹುಣ್ಣಿಮೆ ಅಂದ್ರೆ ನೂಲು ಹುಣ್ಣಿಮೆ, ಜನಿವಾರ ಬದಲಾಯಿಸೋರಿಗೆ ಹಬ್ಬ, ಮಿಕ್ಕೋರಿಗೆ ಮಾಮೂಲಿ ದಿನ. ರಾಖಿ ನಮ್ಮನೆಗೆ ಬಂದಿದ್ದೇ ಸ್ಕೂಲಿಂದ, ಅಂಗೈಯಷ್ಟು ದೊಡ್ಡ ಸ್ಪಂಜಿನ ಹೂವು ಅದ್ರ ಮೇಲೆ ಜರಿ, ಸಂಜೆ ಹೊತ್ತಿಗೆ ಕೈಯೆಲ್ಲ ಬಣ್ಣ, ಅವತ್ತು ಅರ್ಧ ಕ್ಲಾಸ್ ಹುಡುಗ್ರು ಚಕ್ಕರ್ (ಯಾಕೆ ಅಂತ ಎಲ್ರಿಗೂ ಗೊತ್ತು 😄).

ಅಣ್ಣ ತಂಗಿ ಹಬ್ಬ ಅಂದ್ರೆ ನಮಗೆ ಅದಕ್ಕಿಂತ ಹತ್ತು ದಿನ ಮುಂಚೆ ಬರೋ ನಾಗರ ಪಂಚಮಿನೇ. ಹುತ್ತಕ್ಕೆ ತನಿ ಎರೆದು ಬಂದ್ಮೇಲೆ ಅಣ್ಣನ್ನ ಮಣೆ ಮೇಲೆ ಕೂರ್ಸಿ, ಶರ್ಟ್ ಎತ್ಸಿ, ಹೂವನ್ನ ಹಾಲಲ್ಲಿ ಅದ್ದಿ ಬೆನ್ನಿಗೆ ಹಚ್ಚೋದು, ಬೆನ್ನು ತಣ್ಣಗಿರ್ಲಿ ಹೊಟ್ಟೆ ತಣ್ಣಗಿರ್ಲಿ ಅಂತ. ಅವ್ನು ಕಚಗುಳಿ ಕಚಗುಳಿ ಅಂತ ನುಲಿಯೋನು, ಅಮ್ಮ ಬೈಯೋರು, ನಾನು ಬೇಕಂತ್ಲೇ ಫ್ರಿಜ್ಜಿನ ಹಾಲು ತರ್ತಿದ್ದೆ. ಆಮೇಲೆ ತಂಬಿಟ್ಟು, ಚಿಗಳಿ. ಹುಬ್ಬಳ್ಳಿ ಕಡೆ ಫ್ರೆಂಡ್ಸ್‌ಗೆ ಪಂಚಮಿ ಅಂದ್ರೆ ಜೋಕಾಲಿ, ಶೇಂಗಾ ಉಂಡಿ, ಅಳ್ಳು, ಗಂಡನ ಮನೆಗೆ ಬಂದು ಕರ್ಕೊಂಡು ಹೋಗೋ ಅಣ್ಣ, ಅವ್ರ ಹಬ್ಬ ನೋಡಿದ್ರೆ ಈಗ್ಲೂ ಹೊಟ್ಟೆಕಿಚ್ಚು ನಂಗೆ.

ರಾಖಿ ಯಾಕೆ ಗೆಲ್ತು ಅಂತ ಯೋಚ್ನೆ ಮಾಡ್ತಿದ್ದೆ, ಸಿನಿಮಾ ಟಿವಿ ಎಲ್ಲ ಸರಿ, ಆದ್ರೆ ಅದನ್ನ ಕವರಲ್ಲಿ ಹಾಕಿ ಕೊರಿಯರ್ ಮಾಡ್ಬೋದು ಅಲ್ವಾ, ಬೆನ್ನಿಗೆ ಹಾಲು ಹಚ್ಚೋಕೆ ಬೆನ್ನು ಎದುರಿಗೇ ಇರ್ಬೇಕು, ಅಣ್ಣ ಈಗ ಪುಣೆಲಿ. ರಾಖಿ ತಲುಪಿದ ಹತ್ತೇ ನಿಮಿಷಕ್ಕೆ ಫೋನ್ ಪೇಲಿ 501 ಹಾಕಿದಾನೆ. ಪಂಚಮಿ ಬಾಕಿನೂ ಸೇರ್ಸಿ ಹಾಕೋ ಅಂದೆ, ಬ್ಲೂ ಟಿಕ್ ಬಂದಿದೆ, ರಿಪ್ಲೈ ಇಲ್ಲ.