ಅಪ್ಪ ಎಳೆದ ಕ್ಯಾನ್ವಾಸ್

ರೆಡಿಮೇಡ್ ಕ್ಯಾನ್ವಾಸ್‌ಗೆ ಅಷ್ಟು ದುಡ್ಡು ಯಾಕೆ ಸುರಿಯಬೇಕು, ನಾನೇ ಬಿಗಿದುಕೊಂಡರಾಯಿತು ಅಂತ ಹೊರಟವನು ನಾನು. ಅಳತೆ 3 ಅಡಿಗೆ 4 ಅಡಿ. ಕೊಂಡಜ್ಜಿ ಕೆರೆ ಬರೆಯಬೇಕು, ಅದರಲ್ಲಿ ಮುಕ್ಕಾಲು ಪಾಲು ಬರೀ ಆಕಾಶವೇ ಇರಬೇಕು ಅಂತ ಆಸೆ. ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲಾ ಕಾಲೇಜು ಇದೆ. ಅಲ್ಲಿ ಓದಿದವರಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ ಇರಬಹುದು, ನಾನು ಅದರ ಗೇಟಿನ ಮುಂದೆ ಓಡಾಡಿದ್ದಷ್ಟೇ.

ಬಡಗಿಯೊಬ್ಬರ ಹತ್ತಿರ ಚೌಕಟ್ಟು ಮಾಡಿಸಿದೆ. ದಪ್ಪನೆಯ ಹತ್ತಿ ಬಟ್ಟೆ ತಂದೆ. ಏಪ್ರಿಲ್ ತಿಂಗಳ ಒಂದು ಭಾನುವಾರ, ಅಮ್ಮ ಸಂಡಿಗೆ ಒಣಗಿಸುವ ಮಹಡಿಯಲ್ಲಿ ಅರ್ಧ ಜಾಗ ಬೇಡಿ ಪಡೆದು, ಸ್ಟೇಪಲ್ ಗನ್ ಹಿಡಿದು ಕೂತೆ. ಒಂದು ಬದಿಗೆ ಸಾಲಾಗಿ ಪಿನ್ ಹೊಡೆದೆ, ಆಮೇಲೆ ಪಕ್ಕದ ಬದಿ, ಆಮೇಲೆ ಅದರ ಪಕ್ಕದ್ದು. ನಾಲ್ಕನೇ ಬದಿಗೆ ಬರುವಷ್ಟರಲ್ಲಿ ಮೂಲೆಯಿಂದ ನಡುವಿಗೆ ಓರೆಯಾಗಿ ಸುಕ್ಕು. ಅದನ್ನು ಸರಿಮಾಡೋಣ ಅಂತ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದು, ಮೇಲೆ ಜೆಸ್ಸೊ, ಅಂದರೆ ಬಣ್ಣ ಹಚ್ಚುವ ಮೊದಲು ಬಟ್ಟೆಗೆ ಹಾಕುವ ಬಿಳಿ ಲೇಪ, ಬಳಿದು, ಕೆಳಗೆ ಹೋಗಿ ಊಟ ಮಾಡಿ ಮಲಗಿಬಿಟ್ಟೆ.

ಸಂಜೆ ನೋಡಿದರೆ ಚೌಕಟ್ಟು ತಿರುಚಿಕೊಂಡಿತ್ತು. ನೆಲದ ಮೇಲೆ ಇಟ್ಟರೆ ಒಂದು ಮೂಲೆ ಮೇಲೆದ್ದು ನಿಲ್ಲುತ್ತಿತ್ತು, ಒತ್ತಿದರೆ ಇನ್ನೊಂದು ಮೂಲೆ ಏಳುತ್ತಿತ್ತು. ಸಾಲದ್ದಕ್ಕೆ ಸುತ್ತಲೂ ಮರದ ಒಳ ಅಂಚು ಬಟ್ಟೆಗೆ ತಾಗಿ ಗೆರೆ ಬಿದ್ದಿತ್ತು. ನನ್ನ ಆಕಾಶದ ಸುತ್ತ ಕಟ್ಟೆ!

ಅಪ್ಪ ಮೇಲೆ ಬಂದರು. ಇಲ್ಲಿಯ ಹತ್ತಿ ಮಿಲ್ಲೊಂದರಲ್ಲಿ, ಮಗ್ಗದ ಖಾತೆಯಲ್ಲಿ, ಅದು ಮುಚ್ಚುವವರೆಗೂ ದುಡಿದವರು. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲವನ್ನು ಕಂಡವರು. ಮನೆಯಲ್ಲಿ ಮಿಲ್ಲಿನ ಸುದ್ದಿ ಎತ್ತುವುದು ಕಡಿಮೆ, ಎತ್ತಿದರೂ ಬರಬೇಕಾಗಿದ್ದ ದುಡ್ಡಿನ ಸುದ್ದಿಯೇ. ಚೌಕಟ್ಟನ್ನು ಕಾಲಲ್ಲಿ ಒಮ್ಮೆ ಅಲ್ಲಾಡಿಸಿ, "ಹಾಸು ಯಾವ ಕಡೆ ಐತಿ, ಹೊಕ್ಕು ಯಾವ ಕಡೆ ಐತಿ, ನೋಡಿದೇನಲೇ?" ಅಂದರು.

ನೋಡಿರಲಿಲ್ಲ. ಹಾಸುಹೊಕ್ಕು ಅನ್ನುವ ಮಾತನ್ನು ಎಷ್ಟೋ ಸಲ ಬಳಸಿದ್ದೇನೆ, ಅದು ಬಟ್ಟೆಯ ಮಾತು ಅನ್ನುವುದೇ ತಲೆಯಲ್ಲಿ ಇರಲಿಲ್ಲ. ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡ ಹೋಗುವುದು ಹೊಕ್ಕು. ಎರಡೂ ಚೌಕಟ್ಟಿನ ಪಟ್ಟಿಗೆ ನೇರವಾಗಿ ಇರಬೇಕು. ನಾನು ಕಣ್ಣಳತೆಯಲ್ಲಿ ಕತ್ತರಿಸಿದ್ದರಿಂದ ಬಟ್ಟೆ ಓರೆಯಾಗಿತ್ತು, ಓರೆ ಬಟ್ಟೆ ರಬ್ಬರಿನ ಹಾಗೆ ಜಗ್ಗುತ್ತದೆ. ಇನ್ನು ಹತ್ತಿಗೆ ತೇವ ತಾಗಿದರೆ ಬಿಗಿಯಾಗುತ್ತದೆ. ಮೊದಲೇ ಪ್ರಾಣ ಹೋಗುವ ಹಾಗೆ ಎಳೆದ ಬಟ್ಟೆಗೆ ನೀರು ನೀರಾದ ಜೆಸ್ಸೊ ಬಿದ್ದರೆ ಇನ್ನೇನಾಗುತ್ತದೆ? ಮಿಲ್ಲಿನಲ್ಲಿ ನೂಲು ಕಡಿಯಬಾರದು ಅಂತ ಗಾಳಿಗೇ ತೇವ ಬಿಡುತ್ತಿದ್ದರಂತೆ, ಬೇಸಿಗೆಯಲ್ಲಿ ಒಳಗೆ ನಿಂತವರು ಬೆಂದುಹೋಗುತ್ತಿದ್ದರಂತೆ. ಇದನ್ನು ಅಪ್ಪ ಹೇಳಿದ್ದು ಅದೇ ಮೊದಲು.

ಮುಂದಿನ ಭಾನುವಾರ ಇಬ್ಬರೂ ಕೂತೆವು. ಅಪ್ಪ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದರು. 3 ಅಡಿ, 4 ಅಡಿ ಇದ್ದರೆ ಓರೆ ಅಳತೆ ಸರಿಯಾಗಿ 5 ಅಡಿ ಬರಬೇಕು, ಗಾರೆಯವರು ಪಾಯದಲ್ಲಿ ದಾರ ಹಿಡಿದು ನೋಡುವುದೂ ಇದನ್ನೇ. ನಮ್ಮದರಲ್ಲಿ ಒಂದು ಕಡೆ ಮುಕ್ಕಾಲು ಇಂಚು ಜಾಸ್ತಿ, ಇನ್ನೊಂದು ಕಡೆ ಅಷ್ಟೇ ಕಡಿಮೆ. ಮತ್ತೆ ಬಡಗಿಯ ಹತ್ತಿರ ಓಡಿದೆ. ಮೂಲೆ ಸರಿಮಾಡಿ, ಒಳ ಅಂಚನ್ನು ಕೀಸುಳಿಯಿಂದ ಇಳಿಜಾರಾಗಿ ಹೆರೆದು, ನಡುವೆ ಒಂದು ಅಡ್ಡಪಟ್ಟಿಯನ್ನೂ ಕೂರಿಸಿ ಕೊಟ್ಟರು.

ಬಟ್ಟೆ ಕತ್ತರಿಸುವುದಕ್ಕೆ ಅಪ್ಪ ಗೆರೆ ಎಳೆಯಲಿಲ್ಲ. ಒಂದು ಎಳೆಯನ್ನು ಉಗುರಲ್ಲಿ ಹಿಡಿದು ನಿಧಾನವಾಗಿ ಎಳೆದು ತೆಗೆದರು, ನಡುವೆ ಎರಡು ಸಲ ತುಂಡಾಯಿತು, ಮತ್ತೆ ಹುಡುಕಿ ಹಿಡಿದರು, ಕೊನೆಗೆ ಬಟ್ಟೆಯ ಮೇಲೆ ಕೂದಲಿನಷ್ಟು ಸಣ್ಣ ದಾರಿ ಬಿತ್ತು, ಅದರ ಗುಂಟ ಕತ್ತರಿ ಆಡಿಸು ಅಂದರು. ಸುತ್ತಲೂ 3 ಇಂಚು ಹೆಚ್ಚಿಗೆ ಬಿಟ್ಟು 42 ಇಂಚಿಗೆ 54 ಇಂಚು. ಅಂಚು ಅಷ್ಟು ನೇರ ಬಂದಿದ್ದು ನೋಡಿ ಸುಮ್ನೆ ಕೂತುಬಿಟ್ಟೆ.

ಈ ಸಲ ಪಿನ್ನು ಬದಿಯ ನಡುವಿನಿಂದ ಶುರು. ಇಲ್ಲೊಂದು, ಎದುರು ಬದಿಯ ನಡುವೆ ಒಂದು, ಹಾಗೆಯೇ ಉಳಿದೆರಡು ಬದಿಗೆ. ಆಮೇಲೆ ಎರಡೆರಡು ಇಂಚಿಗೆ ಒಂದರಂತೆ, ಎದುರುಬದುರಾಗಿ ಮೂಲೆಯ ಕಡೆ ಸಾಗುವುದು. ಅಪ್ಪ ಎಳೆಯುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಬಟ್ಟೆ ಎಳೆಯುವ ಇಕ್ಕಳ ಅಂತ ಬೇರೆ ಸಿಗುತ್ತದೆ ಅಂದೆ. ಕೈ ಇದಾವಲ್ಲ ಅಂದರು. ಮೂಲೆ ಮಡಚುವುದು ಇಬ್ಬರಿಗೂ ಬರಲಿಲ್ಲ, ಸಂಡಿಗೆ ತಿರುವಿ ಹಾಕುತ್ತಿದ್ದ ಅಮ್ಮ ಬಂದು ಎರಡು ಮಡಿಕೆ ಹಾಕಿ ಕೊಟ್ಟು ಹೋದರು.

ಜೆಸ್ಸೊ ತೆಳ್ಳಗೆ ಮೂರು ಸಲ, ನಡುನಡುವೆ ಮರಳು ಕಾಗದದಲ್ಲಿ ಉಜ್ಜಿದ್ದು. ಸಂಜೆ ನೆಲದ ಮೇಲೆ ಇಟ್ಟೆ, ನಾಲ್ಕೂ ಮೂಲೆ ಕೂತವು. ಬೆರಳಲ್ಲಿ ಬಡಿದರೆ ಹಲಗೆ ಬಾರಿಸಿದ ಹಾಗೆ ಸದ್ದು. ಅಪ್ಪ ಕಣ್ಣು ಹತ್ತಿರ ತಂದು ನೇಯ್ಗೆ ನೋಡಿದರು, ಅಂಗೈ ಸವರಿದರು. "ಇಷ್ಟು ಚಲೋ ಬಟ್ಟೆ ಮೇಲೆ ಬಣ್ಣ ಹೊಡೀತಿಯಾ?" ಅಂದು ಕೆಳಗೆ ಇಳಿದು ಹೋದರು.