ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಮುನ್ನ

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಉಡುಪಿ ಕಡೆಯ ಬಾವಿಗಳಲ್ಲಿ ನೀರು ಕೈಗೆಟುಕುವಷ್ಟು ಮೇಲೆ ಬಂದಿರುತ್ತದೆ. ನೋಡಲು ತಿಳಿಯಾಗಿದ್ದರೂ ನಂಬುವಂತಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ ತೂತುಗಳು ಹೆಚ್ಚು; ಪಾಯಿಖಾನೆ ಗುಂಡಿಯ ನೀರು ಸರಿಯಾಗಿ ಸೋಸದೆಯೇ ಬಾವಿ ಸೇರಬಹುದು.

ದಯವಿಟ್ಟು ಪೌಡರನ್ನು ಹಿಡಿ ಲೆಕ್ಕದಲ್ಲಿ ಸುರಿಯಬೇಡಿ. ಬಾವಿಯ ಅಗಲವನ್ನು ಅದೇ ಸಂಖ್ಯೆಯಿಂದ ಗುಣಿಸಿ, ಅದಕ್ಕೆ ನೀರಿನ ಆಳ, ಆಮೇಲೆ 785 ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ (ಅಳತೆ ಮೀಟರಿನಲ್ಲೇ ಇರಲಿ). 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ ಸುಮಾರು 28,000 ಲೀಟರ್. ಒಳ್ಳೆಯ ಪೌಡರಾದರೆ 1,000 ಲೀಟರಿಗೆ 2.5 ಗ್ರಾಂ, ಅಂದರೆ 70 ಗ್ರಾಂ ಸಾಕು. ನೀರು ಕೆಂಪಗೆ ಕದಡಿದ್ದರೆ ಮಾತ್ರ ತಿಳಿಯಾಗುವವರೆಗೆ ಕಾಯಬೇಕು. ಪೌಡರಿನಲ್ಲಿ ರೋಗಾಣು ಕೊಲ್ಲುವುದು ಕ್ಲೋರಿನ್; ಅದನ್ನು ಕೆಸರೇ ತಿಂದುಬಿಡುತ್ತದೆ.

ಪೌಡರನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಮೊದಲು ಸ್ವಲ್ಪ ನೀರಲ್ಲಿ ಕಲಸಿ, ಗಂಟು ಒಡೆದ ಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ. ಹತ್ತು ನಿಮಿಷ ಬಿಟ್ಟರೆ ಬಿಳಿ ಸುಣ್ಣ ತಳಕ್ಕಿಳಿಯುತ್ತದೆ. ಅದನ್ನು ಬಾವಿಗೆ ಹಾಕಬಾರದು, ನೀರು ಗಡಸಾಗುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ಕನಿಷ್ಠ ಒಂದು ಗಂಟೆ ನೀರು ಸೇದಬೇಡಿ. ರಾತ್ರಿ ಹಾಕಿದರೆ ಇನ್ನೂ ಅನುಕೂಲ.

ಹೆಚ್ಚಿನವರು ಎಡವುವುದು ಪೌಡರ್ ಇಡುವುದರಲ್ಲಿ. ಬಾಯಿ ತೆರೆದ ಪೊಟ್ಟಣ ಕರಾವಳಿಯ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮೂಗಿಗೆ ಘಾಟು ಬಾರದ, ಗಂಟು ಕಟ್ಟಿದ ಪೌಡರ್ ಬರೀ ಸುಣ್ಣವಿದ್ದ ಹಾಗೆ.